ಲ್ಯೂಟ್ ತಂತಿ ಹರಿಯುತ್ತಿದ್ದರೆ ಮೊದಲು ಅಳತೆ ಟೇಪು ಹಿಡಿಯಿರಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೊಸದು ಕಡಿಮೆ. ತಂತಿ ಹರಿಯುತ್ತದೆ, ಉಗುರು ಬಿಡಲೇ ಬೇಡವೇ, ಶ್ರುತಿ ಯಾಕೆ ನಿಲ್ಲುವುದಿಲ್ಲ. ಇವೇ ತಿರುಗಿ ತಿರುಗಿ ಬರುತ್ತವೆ. ಅದರಲ್ಲೂ ಮೊದಲನೆಯದಕ್ಕೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಬರೆದು ಬೇಸತ್ತಿದ್ದೇನೆ. ಕೊನೆಗೆ ಗೆಲ್ಲುವುದು ಅಂಗಡಿಯವರ ಮಾತೇ. ಆದ್ದರಿಂದ ಈ ಬಾರಿ ಅದನ್ನು ಪೂರ್ತಿ ಬಿಡಿಸಿ ಹೇಳುತ್ತೇನೆ. ಯುರೋಪಿನ ಹಳೆಯ ತಂತಿವಾದ್ಯ ಲ್ಯೂಟ್ ಎಂದರೇನು ಎಂಬಲ್ಲಿಂದ ಶುರು ಮಾಡುವುದಿಲ್ಲ. ಇದು ವಾದ್ಯ ಕೈಯಲ್ಲಿರುವವರಿಗೆ.

ಪ್ರಶ್ನೆ: ನನ್ನದು ಎಂಟು ಜೋಡಿಯ ರಿನೈಸಾನ್ಸ್ ಲ್ಯೂಟ್, ಆನ್‌ಲೈನ್‌ನಲ್ಲಿ ಕೊಂಡದ್ದು. ಪುಸ್ತಕದಲ್ಲಿರುವಂತೆ ಮೊದಲ ತಂತಿಯನ್ನು ಜಿ ಸ್ವರಕ್ಕೆ ಏರಿಸುವಷ್ಟರಲ್ಲಿ ಹರಿಯುತ್ತದೆ. ತೆಳು ತಂತಿ ಹಾಕಿದ್ದಾಯಿತು, ಅಂಗಡಿಯವರು ಹೇಳಿದರೆಂದು ದಪ್ಪ ತಂತಿಯೂ ಆಯಿತು, ದುಬಾರಿ ಕರುಳಿನ ತಂತಿ ತರಿಸಿದ್ದೂ ಆಯಿತು. ಎಳ್ಳೆಣ್ಣೆಯಲ್ಲಿ ನೆನೆಸಿದರೆ ಗಟ್ಟಿಯಾಗುತ್ತದೆ ಎಂದು ಒಬ್ಬರು ಹೇಳುತ್ತಾರೆ. ಮಾಡಬಹುದೇ? (ಗಿಟಾರ್ ವಾದಕರು, ಬೆಂಗಳೂರು)

ಉತ್ತರ: ನೀವು ತಂತಿಯ ಕಂಪನಿ ಬರೆದಿರಿ, ದಪ್ಪ ಬರೆದಿರಿ, ಬೆಲೆಯನ್ನೂ ಬರೆದಿರಿ. ವಾದ್ಯದ ಅಳತೆ ಮಾತ್ರ ಬರೆಯಲಿಲ್ಲ. ನಾನು ಕೇಳಿದ ಮೇಲೆ ಅಳೆದು ತಿಳಿಸಿದಿರಿ: ಮೇರುವಿನಿಂದ (ದಂಡಿಯ ತುದಿಯ ಪಟ್ಟಿ) ಕುದುರೆಯವರೆಗೆ (ಹಲಗೆಯ ಮೇಲೆ ತಂತಿ ಕಟ್ಟುವ ಪಟ್ಟಿ) 66.5 ಸೆಂಟಿಮೀಟರ್. ಅಲ್ಲಿಗೆ ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತು.

ಲೆಕ್ಕ ಸುಲಭ. ಸ್ವರದ ಆವರ್ತನವನ್ನು ಹರ್ಟ್ಸ್‌ನಲ್ಲಿ ತೆಗೆದುಕೊಂಡು, ತಂತಿಯ ಉದ್ದವನ್ನು ಮೀಟರಿನಲ್ಲಿ ಹಿಡಿದು, ಗುಣಿಸಿ. ಎ ಸ್ವರ 440 ಇದ್ದಾಗ ನಿಮ್ಮ ಜಿ 392 ಹರ್ಟ್ಸ್. ಅದನ್ನು 0.665ರಿಂದ ಗುಣಿಸಿದರೆ 260 ದಾಟುತ್ತದೆ. ಕುರಿಯ ಕರುಳಿನ ತಂತಿ ಹರಿಯುವುದು ಹೆಚ್ಚುಕಡಿಮೆ ಅದೇ 260ರ ಹತ್ತಿರ. ಕರುಳಿನ ಬದಲು ಬಳಸುವ ಕೃತಕ ತಂತಿ ನೈಲ್‌ಗಟ್‌ನ ಮಿತಿಯೂ ಇದರ ಆಸುಪಾಸಿನದೇ. ನೀವು ಪ್ರತಿ ಸಲ ತಂತಿಯನ್ನು ಅದು ಸಾಯುವ ಜಾಗಕ್ಕೇ ಒಯ್ಯುತ್ತಿದ್ದೀರಿ.

ದಪ್ಪ ತಂತಿ ಹಾಕಿದರೆ ತಡೆದುಕೊಳ್ಳುತ್ತದೆ ಎಂಬುದು ಶುದ್ಧ ಸುಳ್ಳು. ಅದನ್ನು ಹೇಳುವವರು ಒಮ್ಮೆಯೂ ಲೆಕ್ಕ ಹಾಕಿರುವುದಿಲ್ಲ. ಅಡ್ಡಕೊಯ್ತ ಎರಡರಷ್ಟಿರುವ ತಂತಿ ಎರಡರಷ್ಟು ಭಾರ ತಾಳುತ್ತದೆ, ನಿಜ. ಆದರೆ ಅದರ ತೂಕವೂ ಎರಡರಷ್ಟು; ಅದೇ ಸ್ವರಕ್ಕೆ ತರಲು ಎರಡರಷ್ಟೇ ಎಳೆಯಬೇಕು. ಅಲ್ಲಿಗಲ್ಲಿಗೆ ಸರಿಹೋಯಿತು. ತೆಳುವೂ ದಪ್ಪವೂ ಒಂದೇ ಸ್ವರದಲ್ಲಿ ಹರಿಯುತ್ತವೆ. ವ್ಯತ್ಯಾಸ ಇಷ್ಟೇ: ದಪ್ಪ ತಂತಿ ಹರಿಯುವ ಮೊದಲು ಕುದುರೆಯನ್ನು ಜಾಸ್ತಿ ಜಗ್ಗಿರುತ್ತದೆ.

ಗೆಲಿಲಿಯೋನ ತಂದೆ ವಿನ್ಸೆಂಜೊ ಗೆಲಿಲಿ ಲ್ಯೂಟ್ ವಾದಕ. ತಂತಿಗೆ ತೂಕ ಕಟ್ಟಿ ತೂಗಿಬಿಟ್ಟು, ಸ್ವರವನ್ನು ಒಂದು ಸ್ಥಾಯಿ ಮೇಲೇರಿಸಲು ನಾಲ್ಕು ಪಟ್ಟು ತೂಕ ಬೇಕೆಂದು ಕಂಡುಕೊಂಡವನು ಅವನು. ಅದೇ ಲೆಕ್ಕದಲ್ಲಿ, ಎಫ್‌ನಿಂದ ಜಿಗೆ ಒಂದೇ ಒಂದು ಪೂರ್ಣ ಸ್ವರ ಏರಿಸಿದರೆ ಎಳೆತ ಸುಮಾರು ಕಾಲುಭಾಗ ಹೆಚ್ಚುತ್ತದೆ. ನಿಮ್ಮ ತಂತಿ ಹರಿಯುತ್ತಿರುವುದು ಈ ಕಾಲುಭಾಗದಲ್ಲೇ.

ಹಾಗಾದರೆ ಪುಸ್ತಕ ತಪ್ಪೇ? ಅಲ್ಲ. ಅದರಲ್ಲಿರುವ ಜಿ ಶ್ರುತಿ 60 ಸೆಂಟಿಮೀಟರ್ ಆಸುಪಾಸಿನ ವಾದ್ಯಕ್ಕೆ. ಗುಣಿಸಿ ನೋಡಿ, 235 ಬರುತ್ತದೆ. ತಂತಿ ಹಾಯಾಗಿ ನಿಲ್ಲುತ್ತದೆ. 16ನೇ ಶತಮಾನದವರಿಗೆ 440 ಎಂಬ ಕಟ್ಟು ಇರಲೇ ಇಲ್ಲ. ಇಂಗ್ಲೆಂಡಿನ ತುತ್ತೂರಿ ಹಾಗೂ ಲ್ಯೂಟ್ ವಾದಕ ಜಾನ್ ಶೋರ್ ಶ್ರುತಿಕವಲನ್ನು (ಟ್ಯೂನಿಂಗ್ ಫೋರ್ಕ್) ಮಾಡಿದ್ದೇ 1711ರಲ್ಲಿ. ಅದಕ್ಕೂ ಮುಂಚಿನವರು ಮೊದಲ ತಂತಿ ತಾಳುವಷ್ಟು ಏರಿಸಿ, ಉಳಿದವನ್ನು ಅದಕ್ಕೆ ಕೂಡಿಸುತ್ತಿದ್ದರು. ಅಂದರೆ ಶ್ರುತಿಯನ್ನು ವಾದ್ಯದ ಉದ್ದವೇ ಹೇಳುತ್ತಿತ್ತು. ಈಗ ಮೊಬೈಲ್ ಆ್ಯಪ್ ಹೇಳುತ್ತದೆ, ನಾವು ಕೇಳುತ್ತೇವೆ, ತಂತಿ ಹರಿಯುತ್ತದೆ.

ಉದ್ದ ಕತ್ತಿನ ದೊಡ್ಡ ಲ್ಯೂಟ್ ಥಿಯೋರ್ಬೊ ನೋಡಿ. 85 ಸೆಂಟಿಮೀಟರ್ ಉದ್ದದ ವಾದ್ಯದಲ್ಲಿ ಮೊದಲ ತಂತಿಯನ್ನು 440ಕ್ಕೆ ಏರಿಸಿದರೆ ಗುಣಲಬ್ಧ 374, ಎರಡನೆಯದನ್ನು 330ಕ್ಕೆ ಏರಿಸಿದರೆ 280. ಎರಡೂ ನಿಲ್ಲುವುದಿಲ್ಲ. ಮೂರನೆಯದು 247, ಅದು 210ಕ್ಕೆ ಬಂದು ನೆಮ್ಮದಿಯಾಗಿ ಕೂರುತ್ತದೆ. ಅದಕ್ಕೇ ಆ ವಾದ್ಯದಲ್ಲಿ ಸರಿಯಾಗಿ ಮೊದಲ ಎರಡನ್ನು ಮಾತ್ರ ಒಂದು ಸ್ಥಾಯಿ ಕೆಳಗಿಳಿಸಿ ಕಟ್ಟಿದರು. ಥಿಯೋರ್ಬೊದ ಆ ವಿಚಿತ್ರ ಶ್ರುತಿಯ ಹಿಂದೆ ಇರುವುದು ಈ ಗುಣಾಕಾರವೇ.

ಈಗ ಮಾಡಬೇಕಾದದ್ದು: ಇಡೀ ವಾದ್ಯವನ್ನು ಒಂದು ಸ್ವರ ಕೆಳಗಿಳಿಸಿ, ಮೊದಲ ತಂತಿ ಎಫ್, 349 ಹರ್ಟ್ಸ್. ಗುಣಿಸಿದರೆ 232. ನಾನು 235ರ ಮೇಲೆ ಹೋಗುವುದಿಲ್ಲ. 240 ದಾಟುವವರಿದ್ದಾರೆ, ಒಣ ಹವೆಯಲ್ಲಿ ಅವರಿಗೆ ನಡೆಯುತ್ತಲೂ ಇರಬಹುದು. ನಮ್ಮ ಮಳೆಗಾಲಕ್ಕೆ ನಾನು ಆ ಸಲಹೆ ಕೊಡಲಾರೆ. ಟ್ಯಾಬ್ಲೇಚರ್ (ಬೆರಳು ಎಲ್ಲಿಡಬೇಕೆಂದು ತೋರಿಸುವ ಲಿಪಿ) ಹಾಗೇ ಇರುತ್ತದೆ, ಬೆರಳೂ ಬದಲಾಗುವುದಿಲ್ಲ, ಕೇಳಿಸುವುದು ಮಾತ್ರ ಒಂದು ಸ್ವರ ಕೆಳಗೆ. 440ರ ರೆಕಾರ್ಡರ್ ಕೊಳಲು ನುಡಿಸುವ ಗೆಳೆಯರ ಜೊತೆ ಕೂರಲೇಬೇಕು ಎಂದಾದರೆ 60 ಸೆಂಟಿಮೀಟರಿನ ಇನ್ನೊಂದು ಲ್ಯೂಟ್ ಬೇಕು. ಬೇರೆ ದಾರಿ ಇಲ್ಲ.

ದಪ್ಪ ಆರಿಸುವುದು ಎಳೆತಕ್ಕಾಗಿ, ಗಟ್ಟಿತನಕ್ಕಾಗಿ ಅಲ್ಲ. ನಿಮ್ಮ ಉದ್ದಕ್ಕೆ, ಎಫ್ ಶ್ರುತಿಗೆ, ಮೊದಲ ಕರುಳಿನ ತಂತಿ 0.42 ಮಿಲಿಮೀಟರ್ ಇದ್ದರೆ ಎಳೆತ ಸುಮಾರು 4 ಕೆ.ಜಿ. ಎರಡನೇ ಜೋಡಿಗೆ 0.49 ಹಾಕಿದರೆ ಒಂದೊಂದಕ್ಕೆ 3 ಕೆ.ಜಿ. ಕೆಳಗಿನ ಜೋಡಿಗಳನ್ನೂ ಅಷ್ಟರಲ್ಲೇ ಇಡಿ. ಮೊದಲನೆಯದು ಒಂಟಿ, ಉಳಿದದ್ದು ಏಳು ಜೋಡಿ; ಒಟ್ಟು 15 ತಂತಿಗೆ 46 ಕೆ.ಜಿ. ಆಯಿತು. ಅದನ್ನು ಹೊರುವುದು ಒಂದೂವರೆ ಮಿಲಿಮೀಟರ್ ಆಸುಪಾಸಿನ ಹಲಗೆ, ಅದಕ್ಕೆ ಬರೀ ಅಂಟಿನಿಂದ ಕೂತಿರುವ ಕುದುರೆ. ಗಿಟಾರಿನ ಕೈಗೆ ಇದು ಸಡಿಲ ಅನ್ನಿಸಿಯೇ ಅನ್ನಿಸುತ್ತದೆ. ಬಿಗಿ ಮಾಡಬೇಡಿ, ಕೈ ಬದಲಾಯಿಸಿ: ಜೋಡಿಯ ಎರಡೂ ತಂತಿಗಳನ್ನು ಬೆರಳಿನ ಮಾಂಸಕ್ಕೆ ಒಟ್ಟಿಗೆ ತಾಗಿಸಿ, ಹಲಗೆಯ ಕಡೆಗೆ ಒತ್ತಿ, ಬಿಡಿ. ಹೊರಗೆ ಕೀಳುವ ಅಭ್ಯಾಸ ಹೋಗಲಿ.

ಆರನೇ ಜೋಡಿಗೆ ಇದೇ ಲೆಕ್ಕ ಹಾಕಿದರೆ ಬರಿಯ ಕರುಳು ಒಂದೂವರೆ ಮಿಲಿಮೀಟರ್ ದಪ್ಪ ಬರುತ್ತದೆ. ಅಷ್ಟು ದಪ್ಪದ್ದು ಮಂಕಾಗಿ ನುಡಿಯುತ್ತದೆ. ಪಕ್ಕದಲ್ಲಿ ಒಂದು ಸ್ಥಾಯಿ ಮೇಲಿನ ತೆಳು ತಂತಿ ಕಟ್ಟಿದ್ದು ಆ ಮಂಕು ಕಳೆಯಲು. ಅದನ್ನು ತೆಗೆದು ಎರಡೂ ಕಡೆ ತಾಮ್ರ ಸುತ್ತಿದ ತಂತಿ ಹಾಕುವವರು ಲ್ಯೂಟಿನ ಅರ್ಧ ದನಿಯನ್ನು ಕಿತ್ತು ಹಾಕುತ್ತಾರೆ.

ಕೊನೆಯದಾಗಿ, ಹರಿದ ತಂತಿಯನ್ನು ಎಸೆಯುವ ಮೊದಲು ಎಲ್ಲಿ ಹರಿದಿದೆ ನೋಡಿ. ಮೇರುವಿನ ಹತ್ತಿರ ಹರಿದಿದ್ದರೆ ಅಲ್ಲಿನ ಗಾಡಿ (ತಂತಿ ಕೂರುವ ಕಾಲುವೆ) ಚೂಪಾಗಿದೆ ಅಥವಾ ತಂತಿಯನ್ನು ಕಚ್ಚಿ ಹಿಡಿಯುತ್ತಿದೆ. ನುಣುಪು ಮಾಡಿ, ಪೆನ್ಸಿಲ್ ಸೀಸ ಉಜ್ಜಿ. ಬಿರಡೆಯ ಬಳಿ ಹರಿದಿದ್ದರೆ ರಂಧ್ರದ ಅಂಚು ನೋಡಿ. ನಡುವೆ ಹರಿದಿದ್ದರೆ ಒಂದೋ ಮಿತಿ ದಾಟಿದ್ದೀರಿ, ಇಲ್ಲವೇ ತಂತಿ ಸವೆದಿದೆ. ಸವೆದ ಕರುಳಿನಲ್ಲಿ ಸಣ್ಣ ಸಣ್ಣ ಎಳೆಗಳು ಎದ್ದು ನಿಲ್ಲುತ್ತವೆ. ಅವನ್ನು ಎಳೆಯಬಾರದು, ಎಳೆದರೆ ಉದ್ದಕ್ಕೂ ಸಿಗಿದುಬರುತ್ತದೆ. ಉಗುರು ಕತ್ತರಿಯಿಂದ ಬುಡಕ್ಕೆ ಕತ್ತರಿಸಿ. ಇನ್ನೂ ಕೆಲವು ದಿನ ನುಡಿಯುತ್ತದೆ.

ಎಳ್ಳೆಣ್ಣೆಯಲ್ಲಿ ನೆನೆಸಬೇಡಿ. ಹೇಳಿದವರ ಮಾತನ್ನು ಇನ್ನು ಮುಂದೆ ಕೇಳಬೇಡಿ.

ಪ್ರಶ್ನೆ: ವೀಣೆ ಕಲಿತವಳು ನಾನು. ಈಗ ನೆದರ್‌ಲೆಂಡ್ಸ್‌ನಲ್ಲಿ ಲ್ಯೂಟ್ ಕಲಿಯುತ್ತಿದ್ದೇನೆ. ಹಾಡಿಗೆ ಜೊತೆ ಕೂತಾಗ ಗಾಯಕಿಯ ಸ್ವರವನ್ನೇ ಹಿಂಬಾಲಿಸಿ ನುಡಿಸುತ್ತೇನೆ, ಮೇಷ್ಟ್ರು ಬೇಡವೆನ್ನುತ್ತಾರೆ. ತಪ್ಪೇನು?

ಉತ್ತರ: ನಿಮ್ಮ ಮೇಷ್ಟ್ರು ಹೇಳುವುದು ಸರಿ. ನಮ್ಮ ಕಚೇರಿಯಲ್ಲಿ ಪಕ್ಕವಾದ್ಯದ ಪಿಟೀಲು ಹಾಡುವವರ ನೆರಳಿನಂತೆ ಹೋಗಬೇಕು. ಆ ಸಂಸ್ಕಾರ ನಿಮ್ಮ ಕಿವಿಯಲ್ಲಿ ಕೂತಿದೆ, ಅದು ಒಳ್ಳೆಯದೇ. ಆದರೆ 17ನೇ ಶತಮಾನದ ಇಟಲಿಯ ಹಾಡಿನಲ್ಲಿ ನಿಮ್ಮ ಕೆಲಸ ನೆಲಗಟ್ಟು ಹಾಕುವುದು. ಅಲ್ಲಿನ ಸಂಗೀತಗಾರ ಅಗೊಸ್ಟಿನೊ ಅಗಜ್ಜಾರಿ 1607ರಲ್ಲೇ ಇದನ್ನು ಬರೆದಿಟ್ಟ: ಮೇಲಿನ ಸ್ವರಗಳನ್ನು ಕಂಠಕ್ಕೆ ಬಿಡಿ, ಹಾಡುವವರ ಸ್ವರವನ್ನು ಇಮ್ಮಡಿಸಬೇಡಿ. ಇಮ್ಮಡಿಸಿದರೆ ಆಕೆ ಸ್ವರವನ್ನು ಸ್ವಲ್ಪ ಹಿಂದೆಮುಂದೆ ಮಾಡುವ, ಮಾತನ್ನು ಎಳೆದು ಹಿಡಿಯುವ ಸ್ವಾತಂತ್ರ್ಯವೆಲ್ಲ ಹೋಗುತ್ತದೆ. ನೀವು ಆಕೆಯ ಮಾತನ್ನು ಕೇಳಿ. ಒತ್ತು ಬೀಳುವ ಅಕ್ಷರಕ್ಕೆ ಬಾಸ್ ಸ್ವರ ಸರಿಯಾಗಿ ಬೀಳಲಿ, ಉಳಿದ ಸ್ವರಗಳು ಅದರ ಮೇಲೆ ಒಂದೊಂದಾಗಿ ಬಿಡಿಸಿಕೊಂಡು ಏರಲಿ. ಆಕೆ ಸ್ವರ ಎಳೆಯುತ್ತಿದ್ದು ನಿಮ್ಮ ದನಿ ಸತ್ತಿದ್ದರೆ ಮತ್ತೊಮ್ಮೆ ಮೀಟಿ, ಮೆಲ್ಲಗೆ.

ಡೌಲ್ಯಾಂಡ್‌ನ ಹಾಡುಗಳ ಮಾತು ಬೇರೆ. ಆ ಇಂಗ್ಲಿಷ್ ಲ್ಯೂಟ್ ವಾದಕನ 1597ರ ಮೊದಲ ಹಾಡಿನ ಪುಸ್ತಕದಲ್ಲಿ ಲ್ಯೂಟ್ ಭಾಗವನ್ನು ಸ್ವರಸ್ವರವೂ ಬರೆದಿದ್ದಾನೆ. ಅದನ್ನು ಬರೆದಂತೆ ನುಡಿಸಿ. ಅಂತರ್ಜಾಲದ ಗಿಟಾರ್ ಕಾರ್ಡ್ ಹಾಳೆ ಇಟ್ಟುಕೊಂಡು ಅವನ ಹಾಡಿಗೆ ಕೈ ಬೀಸುವುದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಪ್ರಶ್ನೆ: ಬಲಗೈ ಉಗುರು ಬಿಡಬೇಕೇ?

ಉತ್ತರ: ಜೋಡಿ ತಂತಿಯ ಲ್ಯೂಟಿಗೆ ಬೇಡ. ಉಗುರು ಜೋಡಿಯಲ್ಲಿ ಒಂದನ್ನು ಹಿಡಿದು ಇನ್ನೊಂದನ್ನು ಬಿಡುತ್ತದೆ, ಕರುಳನ್ನೂ ಸವೆಸುತ್ತದೆ. ಇಟಲಿಯ ಲ್ಯೂಟ್ ವಾದಕ ಪಿಚ್ಚಿನೀನಿ 1623ರಲ್ಲಿ ಉಗುರಿನ ಪರ ಬರೆದಿದ್ದಾನಲ್ಲ ಎಂದು ಬಲ್ಲವರು ವಾದಕ್ಕೆ ಬರುತ್ತಾರೆ, ಬರೆದದ್ದು ನಿಜ. 1723ರಲ್ಲಿ ಜರ್ಮನಿಯ ಲ್ಯೂಟ್ ವಾದಕ ವೈಸ್, ಉಗುರಿನಿಂದ ನುಡಿಸುವ ಥಿಯೋರ್ಬೊ ಹತ್ತಿರದಿಂದ ಕೇಳಿದರೆ ಒರಟು ಎಂದು ಬರೆದದ್ದೂ ನಿಜ. ದೊಡ್ಡ ಸಭಾಂಗಣದಲ್ಲಿ ಒಂಟಿ ತಂತಿಯ ಥಿಯೋರ್ಬೊಗೆ ಉಗುರು ಇರಲಿ ಬಿಡಿ. ಕಲಿಯುವವರು ಕತ್ತರಿಸಿ.

ಪ್ರಶ್ನೆ: ಕರುಳಿನ ತಂತಿಗೆ ‘ಕ್ಯಾಟ್‌ಗಟ್’ ಎನ್ನುತ್ತಾರಲ್ಲ, ಬೆಕ್ಕಿನದೇ? ಸಸ್ಯಾಹಾರಿಗಳು ಏನು ಮಾಡಬೇಕು?

ಉತ್ತರ: ಕುರಿಯದು. ಬೇಡವೆಂದರೆ ನೈಲ್‌ಗಟ್ ಹಾಕಿ; ಸಾಂದ್ರತೆ ಕರುಳಿನಷ್ಟೇ. ಕರಾವಳಿಯವರಿಗೆ ನಾನು ಹೇಗೂ ಅದನ್ನೇ ಹೇಳುವುದು.

ಪ್ರಶ್ನೆ: ಗಿಟಾರಿನ ಸ್ಟೀಲ್ ತಂತಿ ಹಾಕಬಹುದೇ?

ಉತ್ತರ: ಬೇಡ. ಕುದುರೆ ಹಲಗೆಯ ಸಮೇತ ಎದ್ದು ಬರುತ್ತದೆ.

ಪ್ರಶ್ನೆ: ಬಳಸದಾಗ ಲ್ಯೂಟನ್ನು ಹಾಸಿಗೆಯಲ್ಲಿ ಇಡಬೇಕೆಂದು ಓದಿದೆ. ಹೌದೇ?

ಉತ್ತರ: 1676ರಲ್ಲಿ ಲ್ಯೂಟ್ ವಾದಕ ಥಾಮಸ್ ಮೇಸ್ ಹಾಗೆ ಬರೆದದ್ದು ಇಂಗ್ಲೆಂಡಿನ ತೇವದ ಮನೆಗಳಿಗೆ. ಹಾಸಿಗೆಯ ಮೇಲೆ ಯಾರೂ ಧೊಪ್ಪೆಂದು ಬೀಳದಂತೆ ಎಚ್ಚರವಿರಲಿ, ಹಾಗೆ ಒಳ್ಳೊಳ್ಳೆಯ ಲ್ಯೂಟುಗಳು ಹಾಳಾಗಿವೆ ಎಂದೂ ಅವನೇ ಬರೆದಿದ್ದಾನೆ. ಮಂಗಳೂರಿನಲ್ಲಿ ಬಿಗಿ ಮುಚ್ಚಳದ ಪೆಟ್ಟಿಗೆ, ಒಳಗೆ ಸಿಲಿಕಾ ಜೆಲ್, ಒಂದು ತೇವಮಾಪಕ. ಮ್ಯೂನಿಕ್‌ನಲ್ಲಿರುವವರಿಗೆ ತೊಂದರೆ ತದ್ವಿರುದ್ಧ: ಚಳಿಗಾಲದ ಹೀಟರ್ ಗಾಳಿಯನ್ನು ಒಣಗಿಸಿ ಹಲಗೆ ಸೀಳುತ್ತದೆ, ಅಲ್ಲಿ ತೇವ ಕೊಡಬೇಕು. 45ರಿಂದ 55 ಶೇಕಡಾ ಇದ್ದರೆ ಒಳ್ಳೆಯದು.

ಪ್ರಶ್ನೆ: ದಂಡಿಗೆ ಕರುಳಿನಿಂದ ಕಟ್ಟಿದ ಮೆಟ್ಟಿಲುಗಳು (ಫ್ರೆಟ್) ಜಾರುತ್ತವೆ. ವೀಣೆಯಂತೆ ಲೋಹದ ಮೆಟ್ಟಿಲು ಕೂರಿಸಿಬಿಡಲೇ?

ಉತ್ತರ: ಖಂಡಿತ ಬೇಡ. ಅವು ಸರಿಯುವಂತೆ ಕಟ್ಟಿರುವುದೇ ನೀವು ಸರಿಸಲೆಂದು. ಮೊದಲನೆಯದನ್ನು ಒಂದು ಕೂದಲೆಳೆ ಆಚೀಚೆ ಮಾಡಿದರೆ ಮೂರನೇ ಜೋಡಿಯ ಸ್ವರ ಹಿತವಾಗುವುದನ್ನು ನಿಮ್ಮ ಕಿವಿಯೇ ಹೇಳುತ್ತದೆ. ಜಾರುತ್ತಿದ್ದರೆ ಕಟ್ಟಿದ್ದು ಸಡಿಲ. ದಂಡಿ ಮೇರುವಿನ ಕಡೆಗೆ ಕಿರಿದಾಗುತ್ತದಲ್ಲ, ಗಂಟನ್ನು ಆ ಕಿರಿದಾದ ಕಡೆ ಹಾಕಿ ಬಿಗಿದು, ತುದಿಗಳನ್ನು ಬಿಸಿ ತಾಗಿಸಿ ಉಬ್ಬಿಸಿ, ಆಮೇಲೆ ಅಗಲದ ಕಡೆಗೆ ತಳ್ಳಿಕೊಂಡು ಅದರ ಜಾಗಕ್ಕೆ ತನ್ನಿ. ಮೊದಲನೆಯದು ಎಲ್ಲಕ್ಕಿಂತ ದಪ್ಪ, ಸುಮಾರು 1 ಮಿಲಿಮೀಟರ್. ಮುಂದಿನವು ಒಂದಕ್ಕಿಂತ ಒಂದು ತೆಳು. ಸವೆದು ಗಾಡಿ ಬಿದ್ದರೆ ಕಿತ್ತು ಹೊಸದು ಕಟ್ಟಿ.