ಪ್ರತಿಕ್ರಿಯೆ: ಕರೆ ಸೇರುತ್ತದೆ, ಆ ಕಡೆಯ ಧ್ವನಿ ಮಾತ್ರ ಕೇಳಿಸುವುದಿಲ್ಲ

ಕಚೇರಿಯ ಆಸ್ಟರಿಸ್ಕ್ (ಜಾಲದ ಮೂಲಕ ಫೋನ್ ಕರೆಗಳನ್ನು ನಡೆಸುವ ತಂತ್ರಾಂಶ) ಸರ್ವರಿಗೆ ರೂಟರಿನಲ್ಲಿ 5060ನೇ ಪೋರ್ಟ್ ತೆರೆದ ಮೇಲೂ, ಹೊರಗಿನ ಕರೆಗಳಲ್ಲಿ ನಿಮ್ಮ ಮಾತು ಅವರಿಗೆ ಕೇಳಿಸುತ್ತದೆ, ಅವರದು ನಿಮಗೆ ಕೇಳಿಸುವುದಿಲ್ಲ ಎಂದು ಬರೆದಿದ್ದೀರಿ. ಆ ಪೋರ್ಟಿನಲ್ಲಿ ಓಡಾಡುವುದು ಕರೆಯ ಸಂಕೇತಗಳನ್ನು ಸಾಗಿಸುವ ಎಸ್‌ಐಪಿ ಎಂಬ ಪ್ರೋಟೋಕಾಲ್ ಮಾತ್ರ. ಅದು ಗಂಟೆ ಬಾರಿಸುತ್ತದೆ, ಕರೆಯನ್ನು ಜೋಡಿಸುತ್ತದೆ, ಮುಗಿಸುತ್ತದೆ, ಆದರೆ ಧ್ವನಿಯನ್ನು ಹೊರುವುದಿಲ್ಲ. ಧ್ವನಿ ಆರ್‌ಟಿಪಿ ಎಂಬ ಬೇರೆ ಪ್ರೋಟೋಕಾಲಿನಲ್ಲಿ, ಯುಡಿಪಿ ಎಂಬ ಸಾಗಣೆ ವಿಧಾನದ ಮೇಲೆ, ಬೇರೆ ಪೋರ್ಟುಗಳಲ್ಲಿ ಸಾಗುತ್ತದೆ.

ನಿಮ್ಮ ಸರ್ವರು ಹೊರಗೆ ಕಳಿಸುವ ಇನ್ವೈಟ್ (ಕರೆ ಆರಂಭಿಸುವ ಎಸ್‌ಐಪಿ) ಸಂದೇಶದಲ್ಲಿ, ಧ್ವನಿಯನ್ನು ಯಾವ ವಿಳಾಸಕ್ಕೆ ಕಳಿಸಬೇಕೆಂದು ತಿಳಿಸುವ ಸಾಲೊಂದಿರುತ್ತದೆ, ಅಲ್ಲಿ 192.168.1.20ರಂತಹ, ಕಚೇರಿಯೊಳಗಷ್ಟೇ ನಡೆಯುವ ಒಳಜಾಲದ ವಿಳಾಸವೇ ಇದ್ದರೆ, ಎದುರಿನವರು ಅದನ್ನೇ ನಂಬಿ ಕಳಿಸಿದ ಧ್ವನಿಯ ಪ್ಯಾಕೆಟ್‌ಗಳು ನಿಮ್ಮನ್ನು ತಲುಪುವುದೇ ಇಲ್ಲ. ಜಾಲದಲ್ಲಿ ಸಾಗುವ ಸಂದೇಶಗಳನ್ನು ತೋರಿಸುವ ವೈರ್‌ಶಾರ್ಕ್ ತಂತ್ರಾಂಶದಲ್ಲಿ ಆ ಸಾಲನ್ನು ಒಮ್ಮೆ ನೋಡಿ.

ಮೊದಲು ರೂಟರಿನ ಎಸ್‌ಐಪಿ ಎಎಲ್‌ಜಿಯನ್ನು (ಎಸ್‌ಐಪಿ ಸಂದೇಶಗಳಲ್ಲಿನ ವಿಳಾಸಗಳನ್ನು ರೂಟರು ತಾನೇ ತಿದ್ದುವ ಏರ್ಪಾಡು) ನಿಲ್ಲಿಸಿ. ಅದು ಈ ತೊಂದರೆಯನ್ನು ಬಗೆಹರಿಸಲೆಂದೇ ಹುಟ್ಟಿದ ಸೌಲಭ್ಯವಾದರೂ, ನಾನು ಕಂಡಂತೆ ವಿಳಾಸಗಳನ್ನು ಅರ್ಧಂಬರ್ಧ ತಿದ್ದಿ ಕೆಡಿಸಿದ್ದೇ ಹೆಚ್ಚು. ಬಳಿಕ ಆಸ್ಟರಿಸ್ಕ್‌ನಲ್ಲಿ ಹೊರಗಿನ ಐಪಿ ವಿಳಾಸವನ್ನೂ ಒಳಜಾಲದ ವ್ಯಾಪ್ತಿಯನ್ನೂ ನಮೂದಿಸಿ, ಆರ್‌ಟಿಪಿ ಪೋರ್ಟುಗಳನ್ನು (ಆಸ್ಟರಿಸ್ಕ್‌ನ ಮಾದರಿ ಸಂರಚನಾ ಕಡತದಲ್ಲಿ 10000ರಿಂದ 20000) ರೂಟರಿನಿಂದ ಸರ್ವರಿಗೆ ತಿರುಗಿಸಿ. ಅಂದ ಹಾಗೆ, 5060ನ್ನು ಇಡೀ ಜಗತ್ತಿಗೆ ತೆರೆದಿಡದೆ, ನಿಮಗೆ ಫೋನ್ ಸೇವೆ ಕೊಡುವವರ ವಿಳಾಸಗಳಿಗಷ್ಟೇ ಬಿಡಿ.