ಉಬ್ಬು ದಪ್ಪವಾದರೆ ಹಿಡಿತ ಬರುವುದಿಲ್ಲ

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ಕೈಗವಸು ತಯಾರಿಸುವ ಸಣ್ಣ ಘಟಕ. ಎಣ್ಣೆ ಹತ್ತಿದ ಪಾರ್ಟ್ ಜಾರುತ್ತದೆ ಎಂದು ಮಷೀನ್ ಶಾಪ್‌ನವರು ಮಾಲು ವಾಪಸ್ ಕಳಿಸುತ್ತಿದ್ದಾರೆ. ಅಂಗೈ ಮೇಲಿನ ಉಬ್ಬುಗಳನ್ನು ಇನ್ನೂ ದಪ್ಪ ಮಾಡಬೇಕೆ?

ಉತ್ತರ: ಬೇಡ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿರುವುದರಿಂದ ಈ ಸಲ ಪೂರ್ತಿಯಾಗಿ ಹೇಳುತ್ತೇನೆ.

ಜಾರುವುದು ಉಬ್ಬು ಗಿಡ್ಡ ಎಂದಲ್ಲ. ಉಬ್ಬಿನ ತಲೆಗೂ ಉಕ್ಕಿಗೂ ನಡುವೆ ತೆಳುವಾದ ಎಣ್ಣೆಯ ಪೊರೆ ನಿಂತಿರುತ್ತದೆ, ಅದಕ್ಕೆ ಹೋಗಲು ಜಾಗವಿಲ್ಲ. ತಲೆ ನುಣುಪಾಗಿದ್ದರೆ ಉಬ್ಬು ಎಷ್ಟೇ ಎತ್ತರವಿರಲಿ, ಆ ಪೊರೆಯ ಮೇಲೆಯೇ ತೇಲುತ್ತದೆ. ಒಣ ಪಾರ್ಟ್ ಹಿಡಿಯುವಾಗಲೂ ನಷ್ಟವೇ: ರಬ್ಬರ್ ಎಷ್ಟು ಜಾಗದಲ್ಲಿ ನಿಜವಾಗಿ ತಾಗುತ್ತದೋ ಅಷ್ಟು ಹಿಡಿತ, ಉಬ್ಬು ಆ ಜಾಗವನ್ನೇ ಕಡಿಮೆ ಮಾಡುತ್ತದೆ. ಮೇಲಾಗಿ ದಪ್ಪ ಪದರವನ್ನು ಮಡಿಸುವುದಕ್ಕೇ ಬೆರಳಿನ ಬಹಳಷ್ಟು ಶಕ್ತಿ ಹೋಗುತ್ತದೆ. ಸಂಜೆ ಹೊತ್ತಿಗೆ ಮುಂಗೈ ಸೆಳೆಯುವುದು ಪಾರ್ಟಿನ ತೂಕದಿಂದಲ್ಲ, ಗ್ಲೌಸಿನಿಂದ.

ಎಣ್ಣೆಗೆ ಬೇಕಾದದ್ದು ಅದನ್ನು ಒಳಗೆ ಎಳೆದುಕೊಳ್ಳುವ ಸಣ್ಣ ಸಣ್ಣ ಗುಳಿಗಳು. ನೈಟ್ರೈಲ್ ಎಂದರೆ ಎಣ್ಣೆ ತಡೆಯುವ ಕೃತಕ ರಬ್ಬರ್, ಅದರಲ್ಲಿ ಮಾಡಿದ ಇಂಥ ಮರಳಿನಂಥ ಮೇಲ್ಮೈಯನ್ನೇ ಸ್ಯಾಂಡಿ ನೈಟ್ರೈಲ್ ಎನ್ನುವುದು. ಸುಕ್ಕು ಲ್ಯಾಟೆಕ್ಸ್ (ಸುಕ್ಕುಗಟ್ಟಿದ ಮೇಲ್ಮೈಯ ಸಹಜ ರಬ್ಬರ್) ಇಟ್ಟಿಗೆ, ಕಲ್ಲಿಗೆ ಚೆನ್ನ. ಎಣ್ಣೆಯಲ್ಲಿ ಊದಿಕೊಂಡು ಹಾಳಾಗುತ್ತದೆ. ಅದನ್ನು ಮಷೀನ್ ಶಾಪ್‌ಗೆ ಮಾರಲೇಬೇಡಿ.

ಲೈನರ್, ಅಂದರೆ ಒಳಗಿನ ಹೆಣೆದ ಕೈಗವಸು, 13 ಅಥವಾ 15 ಗೇಜ್ (ಅಂಕಿ ಹೆಚ್ಚಿದಷ್ಟೂ ಹೆಣಿಗೆ ನವಿರು) ನೈಲಾನ್, ಜೊತೆಗೆ ಸ್ವಲ್ಪ ಸ್ಪ್ಯಾಂಡೆಕ್ಸ್. ಅಚ್ಚಿಗೆ ಹಾಕಿ ಬಿಸಿ ಮಾಡಿ, ನೈಟ್ರೈಲನ್ನು ಗಟ್ಟಿಗೊಳಿಸುವ ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣದಲ್ಲಿ ಅದ್ದಿ, ಆಮೇಲೆ ನೈಟ್ರೈಲ್. ಮೊದಲ ಪದರ ನುಣುಪಾಗಿರಲಿ, ಎಣ್ಣೆ ಒಳಗೆ ಬಾರದಂತೆ ತಡೆಯುವುದು ಅದೇ. ಎರಡನೆಯದು ಅಂಗೈ ಮತ್ತು ಬೆರಳಿಗೆ ಮಾತ್ರ, ಕೈಯ ಹಿಂಭಾಗ ಬರಿದಾಗಿಯೇ ಇರಲಿ, ಬೆವರು ಹೊರಗೆ ಹೋಗುವುದು ಅಲ್ಲಿಂದಲೇ. ಈ ಎರಡನೆಯ ಪದರ ಹಸಿ ಇರುವಾಗಲೇ ಉಪ್ಪು ಉದುರಿಸಿ, ಓವನ್‌ನಲ್ಲಿ ಅರೆಬೇಯಿಸಿ, ಬಿಸಿನೀರಿನಲ್ಲಿ ಉಪ್ಪನ್ನು ಕರಗಿಸಿ ತೆಗೆದು, ಕೊನೆಗೆ ಪೂರ್ತಿ ಬೇಯಿಸಬೇಕು. ಉಪ್ಪಿದ್ದ ಜಾಗವೇ ಗುಳಿ.

ಕೆಡುವುದು ಇಲ್ಲಿಯೇ. ಉಪ್ಪಿನ ಕಾಳು ಚಿರೋಟಿ ರವೆಯಷ್ಟಿರಬೇಕು, ಬನ್ಸಿ ರವೆಯಷ್ಟಲ್ಲ. ಜರಡಿ ಹಿಡಿಯದೆ ಸುರಿಯಬೇಡಿ. ಮಳೆಗಾಲದಲ್ಲಿ ಉಪ್ಪು ತೇವ ಎಳೆದು ಗಂಟುಕಟ್ಟಿದರೆ ಅಂಗೈ ಮೇಲೆ ಬೋಳು ಹಳ್ಳಗಳು ಬೀಳುತ್ತವೆ, ಆದ್ದರಿಂದ ಓವನ್‌ನಲ್ಲಿ ಒಣಗಿಸಿಯೇ ಬಳಸಿ. ತಡವಾಗಿ ಉದುರಿಸಿದರೆ ಮೇಲ್ಮೈಗೆ ಅಂಟುತ್ತದೆ ಅಷ್ಟೇ, ಗುಳಿ ಆಳವಾಗುವುದಿಲ್ಲ. ಎರಡನೇ ಪದರ ತೆಳುವಾಗಿದ್ದರೆ ಕಾಳು ಮೊದಲ ಪದರದವರೆಗೂ ಇಳಿದು ಸೂಜಿತೂತು ಬಿಡುತ್ತದೆ. ತೊಳೆತದಲ್ಲಿ ಉಳಿತಾಯ ಮಾಡುವವರೇ ಹೆಚ್ಚು. ಉಳಿದ ಉಪ್ಪು ಬೆವರಿನ ಜೊತೆ ಸೇರಿ ಚರ್ಮ ಕೆರೆಯುತ್ತದೆ, ಮುಟ್ಟಿದ ಪಾರ್ಟ್ ತುಕ್ಕು ಹಿಡಿಯುತ್ತದೆ. ಗ್ಲೌಸ್ ಅದ್ದಿಟ್ಟ ನೀರಿಗೆ ಒಂದು ಹನಿ ಸಿಲ್ವರ್ ನೈಟ್ರೇಟ್ ಹಾಕಿ, ಹಾಲಿನಂತೆ ಬಿಳುಪಾದರೆ ಇನ್ನೂ ತೊಳೆಯಿರಿ. ಈ ಪರೀಕ್ಷೆಗೆ ಡಿಸ್ಟಿಲ್ಡ್ ನೀರೇ ಬೇಕು. ಬೋರ್‌ವೆಲ್ ನೀರು ತಾನೇ ಬಿಳುಪಾಗುತ್ತದೆ.

ಇನ್ನೊಂದು, ಗ್ಲೌಸನ್ನು ಒಳಮಗ್ಗುಲು ಹೊರಗೆ ಮಾಡಿ, ಬೆರಳು ಬೆರಳಿನ ಸಂದಿಯಲ್ಲಿ ಹೆಬ್ಬೆರಳು ಆಡಿಸಿ ನೋಡಿ. ಗಟ್ಟಿ ಹರಳಿನಂತೆ ತಾಗಿದರೆ ನೈಟ್ರೈಲ್ ಹೆಣಿಗೆ ದಾಟಿ ಒಳಗೆ ಬಂದಿದೆ. ಕ್ಯಾಲ್ಸಿಯಂ ನೈಟ್ರೇಟ್ ತೆಳುವಾಗಿರಬೇಕು ಅಥವಾ ಅಚ್ಚಿನ ಬಿಸಿ ತಪ್ಪಿರಬೇಕು. ಕೆಲಸಗಾರರು 'ಚುಚ್ಚುತ್ತೆ' ಎನ್ನುವುದು ಇದನ್ನೇ, ನಖರಾ ಮಾಡುತ್ತಾರೆ ಎಂದು ತಳ್ಳಿಹಾಕಬೇಡಿ. ಅಚ್ಚಿನ ಬೆರಳು ನೇರವಾಗಿದ್ದರೆ ಮುಷ್ಟಿ ಮಾಡಿದಾಗಲೆಲ್ಲ ಅಂಗೈಯಲ್ಲಿ ಸುಕ್ಕು ಬೀಳುತ್ತದೆ. ಸ್ವಲ್ಪ ಬಾಗಿದ ಅಚ್ಚಿಗೆ ಖರ್ಚು ಮಾಡಿ.

ಹಿಡಿತವನ್ನು ಅಂದಾಜಿನಲ್ಲಿ ಹೇಳಬೇಡಿ, ಅಳೆಯಿರಿ. ಅಂಗೈಯಿಂದ 50 ಮಿ.ಮೀ. ಚೌಕ ಕತ್ತರಿಸಿ, 1 ಕೆ.ಜಿ. ತೂಕದ ಕೆಳಗೆ ಅಂಟಿಸಿ, ಉಕ್ಕಿನ ತಟ್ಟೆಯ ಮೇಲಿಟ್ಟು ಸ್ಪ್ರಿಂಗ್ ತಕ್ಕಡಿಯಿಂದ ಅಡ್ಡಕ್ಕೆ ಎಳೆಯಿರಿ. ಒಣಗಿದ್ದಾಗ, ಕೂಲೆಂಟ್ (ಲೋಹ ಕತ್ತರಿಸುವಾಗ ತಂಪು ಮಾಡುವ ದ್ರವ) ಹಚ್ಚಿ, ಎಣ್ಣೆ ಹಚ್ಚಿ, ಮೂರೂ ಸಲ ಎಷ್ಟು ಗ್ರಾಂಗೆ ಜರುಗಿತು ಎಂದು ಬರೆದಿಡಿ. ನಿಮ್ಮ ಉಬ್ಬಿನ ಗ್ಲೌಸ್ ಪಕ್ಕದಲ್ಲಿಟ್ಟು ನೋಡಿ. ಗಟ್ಟಿ ಗ್ರೀಸ್‌ಗೆ ಮಾತ್ರ ಈ ಗುಳಿ ಸಾಲದು, ತುಂಬಿ ಮುಚ್ಚಿಕೊಳ್ಳುತ್ತದೆ. ಅಲ್ಲಿ ಅಗಲವಾದ ಕಾಲುವೆಯಂಥ ಗೆರೆಗಳು ಬೇಕು.

ಪ್ರಶ್ನೆ: ಅಂಗಡಿಯವರು 4131X ಎಂದು ಬರೆದಿರುವ ಗ್ಲೌಸ್ ತೋರಿಸಿ 'ಕಟ್ ಲೆವೆಲ್ 4' ಎನ್ನುತ್ತಾರೆ. ನಂಬಬಹುದೆ?

ಉತ್ತರ: ಸುಳ್ಳು. ಕೈಗವಸಿನ ಯುರೋಪಿಯನ್ ಮಾನದಂಡ ಇಎನ್ 388ರಲ್ಲಿ ಮೊದಲ ಅಂಕಿ ಸವೆತದ್ದು, ಕೊಯ್ತದ್ದು ಎರಡನೆಯದು. ಇಲ್ಲಿ ಅದು 1. ಕೊನೆಯಲ್ಲಿ ಕೊಯ್ತದ ಇನ್ನೊಂದು ಪರೀಕ್ಷೆಯ A ಇಂದ F ವರೆಗಿನ ಅಕ್ಷರ ಇರಬೇಕಾದ ಜಾಗದಲ್ಲಿ X ಇದೆ, ಅಂದರೆ ಆ ಪರೀಕ್ಷೆ ಮಾಡಿಲ್ಲ. ಶೀಟ್ ಮೆಟಲ್ ಹಿಡಿಯುವವರ ಕೈಗೆ ಇದನ್ನು ಕೊಡುವುದು ಅಪರಾಧ.

ಪ್ರಶ್ನೆ: ಎಲ್ಲರಿಗೂ ಒಂದೇ ಸೈಜ್ ತರಿಸಿದರೆ ಆಗದೆ?

ಉತ್ತರ: ಆಗದು. ಹೆಬ್ಬೆರಳು ಬಿಟ್ಟು ಅಂಗೈ ಸುತ್ತಳತೆ ತೆಗೆಯಿರಿ: 178 ಮಿ.ಮೀ. ಇದ್ದರೆ 7, 203 ಇದ್ದರೆ 8, 229 ಇದ್ದರೆ 9. ಬಿಗಿಯಾದಷ್ಟೂ ಹಿಡಿತ ಎನ್ನುವವರ ಮಾತು ಕೇಳಬೇಡಿ.

ಪ್ರಶ್ನೆ: ಜಿಡ್ಡಾದ ಗ್ಲೌಸನ್ನು ಥಿನ್ನರ್‌ನಲ್ಲಿ ತೊಳೆಯಬಹುದೆ? 'ಗ್ರಿಪ್ ಸ್ಪ್ರೇ' ಹೊಡೆದರೆ?

ಉತ್ತರ: ಎರಡೂ ಬೇಡ. ಸೋಪಿನ ಪುಡಿ, ಉಗುರುಬೆಚ್ಚಗಿನ ನೀರು, ನೆರಳು.

ಪ್ರಶ್ನೆ: ಡ್ರಿಲ್ಲಿಂಗ್ ಮಷೀನ್‌ಗೆ ಯಾವ ಗ್ಲೌಸ್ ಒಳ್ಳೆಯದು?

ಉತ್ತರ: ಯಾವುದೂ ಅಲ್ಲ. ತಿರುಗುವ ಬಿಟ್ ಲೈನರ್‌ನ ಒಂದು ನೂಲು ಹಿಡಿದರೆ ಸಾಕು, ಬೆರಳನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ಲೇಥ್‌ಗೂ ಇದೇ ಉತ್ತರ. ಬರ್ (ಕೊರೆದಾಗ ಬರುವ ಲೋಹದ ಚೂರು) ತೆಗೆಯಲು ಬ್ರಷ್ ಇಡಿ, ಪಾರ್ಟ್ ಹಿಡಿಯಲು ವೈಸ್ ಇಡಿ, ಗ್ಲೌಸ್ ಹಾಕುವುದು ಸ್ಪಿಂಡಲ್ ಪೂರ್ತಿ ನಿಂತ ಮೇಲೆ.