ನೋಟ್‌ಬುಕ್ಕಿನ ಫೋಟೋದೊಳಗಿದ್ದ ಮನೆ ವಿಳಾಸ

(ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ತಾಯಿ, ಮಗಳು ಇಬ್ಬರ ಒಪ್ಪಿಗೆಯೂ ಇದೆ.)

ಮೇಘಾಗೆ 15 ವರ್ಷ. ಆಪ್ತಸಲಹೆಗೆಂದು ಅವಳನ್ನು ನನ್ನ ಹತ್ತಿರ ಕರೆತಂದ ತಾಯಿಯ ದೂರು ಒಂದೇ. "ಆನ್‌ಲೈನ್ ಕ್ಲಾಸಿಗೆ ಕೂರೋದೇ ಇಲ್ಲ ಮೇಡಂ. ಬೈದರೆ ಅಳ್ತಾಳೆ. ಸೋಮಾರಿತನ ಜಾಸ್ತಿಯಾಗಿದೆ."

ಮೇಘಾ ಮಾತಾಡಲಿಲ್ಲ. ಫೋನನ್ನು ಮಡಿಲಲ್ಲಿ ಕವುಚಿ ಇಟ್ಟುಕೊಂಡಿದ್ದಳು. ಅದು ಒಮ್ಮೆ ಗುಂಯ್ ಅಂದಿತು. ಅವಳ ಹೆಗಲೆರಡೂ ಬಿಗಿಯಾದವು. ಸೋಮಾರಿತನ ಹೀಗಿರುವುದಿಲ್ಲ. ಸ್ವಲ್ಪ ಹೊತ್ತು ಹೊರಗೆ ಕೂತಿರಿ ಎಂದು ತಾಯಿಯನ್ನು ಕೇಳಿಕೊಂಡೆ.

ಪ್ರಶ್ನೆ ಕೇಳುವ ಮೊದಲು ಅವಳಿಗೆ ಒಂದು ಮಾತು ಹೇಳಿದೆ. "ನೀನು ಹೇಳಿದ್ದು ನನ್ನ ಹತ್ತಿರವೇ ಇರುತ್ತೆ. ನಿನಗೆ ಅಪಾಯ ಇದೆ ಅನಿಸಿದರೆ ಮಾತ್ರ ದೊಡ್ಡವರಿಗೆ ತಿಳಿಸಬೇಕಾಗುತ್ತೆ. ಆಗಲೂ ಮೊದಲು ನಿನಗೆ ಹೇಳ್ತೀನಿ."

ಆಮೇಲೆ ನಿಧಾನವಾಗಿ ಎಲ್ಲ ಹೊರಬಂತು. ಕ್ಲಾಸಿನ ಆ್ಯಪ್‌ನಲ್ಲೇ ಒಬ್ಬ ಪರಿಚಯವಾಗಿದ್ದ. ಸೀನಿಯರ್ ಅಂತ ಹೇಳಿಕೊಂಡಿದ್ದ. ಗಣಿತದ ಡೌಟ್ ಬಿಡಿಸಿ ಕೊಡುತ್ತಿದ್ದ, ಚೆನ್ನಾಗಿಯೇ ಕಲಿಸುತ್ತಿದ್ದ. ಹತ್ತು ದಿನ ಆದ ಮೇಲೆ "ಇಲ್ಲಿ ಬೇಡ, ಬೇರೆ ಆ್ಯಪ್‌ಗೆ ಬಾ" ಅಂದ. ಅಲ್ಲಿ ಅವಳು ಲೆಕ್ಕದ ಪುಟಗಳ ಫೋಟೋ ಕಳಿಸಿದಳು. ನಂತರ ಅವನು ಅವಳದೇ ಫೋಟೋ ಕೇಳತೊಡಗಿದ. ಆಗಲ್ಲ ಅಂದಾಗ ಅವಳ ಬೀದಿಯ ಹೆಸರು ಬರೆದು ಕಳಿಸಿದ. "ಮನೆ ಗೊತ್ತು" ಅಂತ.

ಅವತ್ತಿನಿಂದ ಮೇಘಾ ಕಿಟಕಿಯ ಹತ್ತಿರ ಹೋಗುವುದನ್ನೇ ಬಿಟ್ಟಿದ್ದಳು. ಯಾರೋ ತನ್ನನ್ನು ಹಿಂಬಾಲಿಸಿದ್ದಾರೆ ಅಂದುಕೊಂಡಿದ್ದಳು.

ಅವಳು ಕಳಿಸಿದ್ದ ಫೋಟೋ ತೆರೆದು ವಿವರ ನೋಡಿದೆವು. ಕೆಳಗೆ ಪುಟ್ಟ ನಕ್ಷೆ, ಅದರಲ್ಲೊಂದು ಕೆಂಪು ಗುರುತು, ಅವಳ ಮನೆಯ ಮೇಲೇ. ಫೋನಿನ ಕ್ಯಾಮೆರಾಗೆ ಲೊಕೇಶನ್ ಅನುಮತಿ ಕೊಟ್ಟಿದ್ದರೆ ಪ್ರತಿ ಫೋಟೋದೊಳಗೂ ಜಾಗದ ಅಕ್ಷಾಂಶ, ರೇಖಾಂಶ ಸೇರಿಕೊಳ್ಳುತ್ತವೆ. ಎಷ್ಟೋ ಮೆಸೇಜ್ ಆ್ಯಪ್‌ಗಳು ಫೋಟೋ ಕಳಿಸುವಾಗ ಅದನ್ನು ತೆಗೆದುಹಾಕುತ್ತವೆ. ಆದರೆ ಅಕ್ಷರ ಸ್ಪಷ್ಟವಾಗಿ ಕಾಣಲಿ ಅಂತ ಮೇಘಾ ಅದನ್ನು ಡಾಕ್ಯುಮೆಂಟ್ ಆಗಿ ಕಳಿಸಿದ್ದಳು. ಹಾಗೆ ಕಳಿಸಿದರೆ ಫೈಲು ಇದ್ದದ್ದು ಇದ್ದಂತೆಯೇ ಹೋಗುತ್ತದೆ. ಇನ್ನೊಂದು ಫೋಟೋದಲ್ಲಿ ನೋಟ್‌ಬುಕ್ಕಿನ ಲೇಬಲ್ಲೂ ಇತ್ತು: ಹೆಸರು, ತರಗತಿ, ಶಾಲೆ.

"ಹಾಗಾದ್ರೆ ಅವನು ನನ್ನ ಹಿಂದೆ ಬಂದಿಲ್ವಾ?" ಅಂದಳು. ಇಲ್ಲ ಅಂತ ನಾನು ಖಚಿತವಾಗಿ ಹೇಳುವಂತಿರಲಿಲ್ಲ. ವಿಳಾಸ ಸಿಗೋಕೆ ಈ ಫೋಟೋ ಒಂದೇ ಸಾಕು ಅಂದೆ. ಅವಳು ಜೋರಾಗಿ ಉಸಿರು ಬಿಟ್ಟಳು.

ಇಷ್ಟು ದಿನ ಮನೆಯಲ್ಲಿ ಯಾಕೆ ಹೇಳಲಿಲ್ಲ? "ಅಮ್ಮ ಫೋನ್ ಕಿತ್ಕೋತಾರೆ ಮೇಡಂ. ಕ್ಲಾಸೂ ಹೋಗುತ್ತೆ."

ಅವಳಿಗೆ ತಿಳಿಸಿಯೇ ತಾಯಿಯನ್ನು ಒಳಗೆ ಕರೆದೆ. ವಿಷಯ ಕೇಳಿದ ತಕ್ಷಣ ಅವರ ಬಾಯಿಂದ ಬಂದದ್ದೂ ಅದೇ: "ಇನ್ಮೇಲೆ ಫೋನೇ ಬೇಡ." ಮಗಳು ನನ್ನ ಮುಖ ನೋಡಿದಳು.

ನಾನು ತಾಯಿಗೆ ಹೇಳಿದೆ: "ಈ ಹೆದರಿಕೆಯೇ ಆ ಮನುಷ್ಯನಿಗೆ ಇಷ್ಟು ದಿನ ಅನುಕೂಲ ಮಾಡಿಕೊಟ್ಟಿದೆ. ಹೇಳಿದ್ದಕ್ಕೆ ಶಿಕ್ಷೆಯಾದರೆ ಮುಂದಿನ ಸಲ ಇವಳು ಹೇಳಲ್ಲ. ಫೋನು ಅವಳ ಹತ್ತಿರ ಇರಲಿ, ನೀವೂ ಅವಳ ಹತ್ತಿರ ಇರಿ." ಅವರು ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ ಮಗಳ ಕೈ ಹಿಡಿದು, "ಕಿತ್ಕೊಳ್ಳಲ್ಲ ಪುಟ್ಟಿ" ಅಂದರು. ನನ್ನ ಸಲಹೆಯಲ್ಲಿ ಇದರಷ್ಟು ಮುಖ್ಯವಾದದ್ದು ಬೇರೊಂದಿಲ್ಲ. ಉಳಿದದ್ದೆಲ್ಲ ಒಂದು ಸಂಜೆಯ ಕೆಲಸ.

ಬ್ಲಾಕ್ ಮಾಡುವ ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ ಅಂದೆ. ಅವನ ಖಾತೆಯ ಹೆಸರು, ದಿನಾಂಕ, ಸಮಯ ಕಾಣಬೇಕು. ಮಾತುಕತೆ ಅಳಿಸಬೇಡಿ, ಸಿಟ್ಟಿನಿಂದ ಉತ್ತರವನ್ನೂ ಬರೆಯಬೇಡಿ. ಅವನಿಗೆ ಮನೆ ಗೊತ್ತಿದೆ, ಬೆದರಿಕೆಯೂ ಹಾಕಿದ್ದಾನೆ. ಹಾಗಾಗಿ ಪೊಲೀಸರಿಗೆ ದೂರು ಕೊಡಲೇಬೇಕು. ಕಲಿಕೆಯ ಆ್ಯಪ್‌ನವರಿಗೂ ಬರೆದೇ ತಿಳಿಸಬೇಕು, ಅವನು ಬೇರೆ ಮಕ್ಕಳ ಜೊತೆಗೂ ಮಾತಾಡುತ್ತಿರಬಹುದು ಅಲ್ವಾ?

ಮೇಘಾ ತನ್ನ ಬೆತ್ತಲೆ ಚಿತ್ರ ಯಾವುದನ್ನೂ ಕಳಿಸಿರಲಿಲ್ಲ. ಕಳಿಸಿಬಿಟ್ಟ ಮಕ್ಕಳಿಗೂ ದಾರಿ ಇದೆ. 2023ರಿಂದ 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆ ಇದೆ. ಚಿತ್ರ ಫೋನಿನಿಂದ ಹೊರಗೆ ಹೋಗುವುದಿಲ್ಲ. ಅದರ ಡಿಜಿಟಲ್ ಗುರುತು, ಅಂದರೆ ಬೆರಳಚ್ಚಿನಂಥ ಒಂದು ಸಂಕೇತ ಮಾತ್ರ ಹೋಗುತ್ತದೆ. ಅದನ್ನಿಟ್ಟುಕೊಂಡು ಆ ಸೇವೆಯ ಜೊತೆ ಕೈಜೋಡಿಸಿರುವ ಜಾಲತಾಣಗಳು ಚಿತ್ರವನ್ನು ಹುಡುಕಿ ತೆಗೆಯುತ್ತವೆ. ಸಾಕ್ಷಿ ಅಂತ ಅಂಥ ಚಿತ್ರವನ್ನು ಇನ್ನೊಬ್ಬರಿಗೆ ಮಾತ್ರ ಕಳಿಸಲೇಬೇಡಿ.

ಕಲಿಕೆಯ ಆ್ಯಪ್‌ನಲ್ಲಿ ಮೇಘಾಳ ಖಾತೆ ತೆರೆದು ನೋಡಿದಾಗ ಇನ್ನೊಂದು ವಿಷಯ ತಿಳಿಯಿತು. ಖಾತೆ ತೆರೆಯುವ ಕೆಲಸ ಬೇಗ ಮುಗಿಯಲಿ ಅಂತ ಅವಳು ವಯಸ್ಸು 18 ಅಂತ ತುಂಬಿದ್ದಳು. ಅದಕ್ಕೇ ಯಾರು ಬೇಕಾದರೂ ನೇರ ಮೆಸೇಜ್ ಕಳಿಸುವಂತಿತ್ತು. ಮಕ್ಕಳ ಮಾಹಿತಿ ಪಡೆಯಲು ಹೆತ್ತವರ ಒಪ್ಪಿಗೆ ಬೇಕು ಅನ್ನುವ ಕಾನೂನು ಅಮೆರಿಕದಲ್ಲಿ 13ರೊಳಗಿನವರಿಗಿದೆ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರೆಲ್ಲರನ್ನೂ ಮಕ್ಕಳೆಂದೇ ಎಣಿಸುತ್ತದೆ. ತಪ್ಪು ವಯಸ್ಸು ತುಂಬಿದರೆ ಮಕ್ಕಳಿಗಿರುವ ರಕ್ಷಣೆ ಖಾತೆಗೆ ಸಿಗದೇ ಹೋಗಬಹುದು. ವಯಸ್ಸು ಸರಿಪಡಿಸಿದರು. ಪೂರ್ತಿ ಹೆಸರು, ಮುಖದ ಫೋಟೋ ತೆಗೆದರು. ಪಾಸ್‌ವರ್ಡ್ ಬದಲಿಸಿ ಕ್ಯಾಮೆರಾದ ಲೊಕೇಶನ್ ಮುಚ್ಚಿದರು.

ನಾಲ್ಕನೇ ಭೇಟಿಗೆ ಬಂದಾಗ ಮೇಘಾ ಕ್ಲಾಸಿಗೆ ಮರಳಿದ್ದಳು. ನಿದ್ದೆ ಇನ್ನೂ ಸರಿಹೋಗಿರಲಿಲ್ಲ. ಹಿಂದಿನ ರಾತ್ರಿ ಗೊತ್ತಿಲ್ಲದ ಖಾತೆಯಿಂದ ಒಂದು "ಹಾಯ್" ಬಂದಿತ್ತಂತೆ. ಅವಳು ಫೋನ್ ಹಿಡಿದು ನೇರ ಅಮ್ಮನ ಹತ್ತಿರ ಹೋಗಿದ್ದಳು. ಸ್ಕ್ರೀನ್‌ಶಾಟ್ ತೆಗೆದದ್ದು ಅಮ್ಮ.